ಕಡಲಿನ ಇಬ್ಬನಿ

ನನ್ನ ಬರೆಯುವ ಮೇಜಿನ ಖಾನೆಯಲ್ಲಿ ಒಂದು ಸಣ್ಣ ಸೀಸೆ ಇದೆ. ಹೆಬ್ಬೆರಳಿಗಿಂತ ಕೊಂಚ ಎತ್ತರ. ಕಂದು ಬಣ್ಣದ ಗಾಜು. ಒಳಗೆ ಹೆಚ್ಚು ಕಡಮೆ ನೀರಿನಂತೆಯೇ ತಿಳಿಯಾದ ಎಣ್ಣೆ. ಖಾನೆಗೆ ಬೀಗ ಹಾಕಿದೆ. 40 ವರ್ಷದ ಸಂಸಾರದಲ್ಲಿ ಹಣವನ್ನಾಗಲಿ ಒಡವೆಯನ್ನಾಗಲಿ ಬೀಗದೊಳಗಿಟ್ಟು ಕಾಯಬೇಕಾದ ಸಂದರ್ಭ ನನಗೆ ಒದಗಲಿಲ್ಲ. ಕಾಯುವಷ್ಟು ಇರಲಿಲ್ಲವೆಂಬುದೇ ಅದಕ್ಕೆ ಕಾರಣ. ಈಗ 15 ಮಿಲಿಲೀಟರು ಎಣ್ಣೆಗೆ ಕಾವಲಾಗಿದ್ದೇನೆ. ಇದು ರೋಸ್‌ಮರಿ ಎಂಬ ಗಿಡದ ಸುಗಂಧ ತೈಲ. ಇಂಥ ಸೀಸೆ ಈಚೆಗೆ ನಮ್ಮಲ್ಲಿ ಅನೇಕರ ಮನೆಗಳನ್ನು ಹೊಕ್ಕಿದೆಯಾದುದರಿಂದ, ನನ್ನ ಮನೆಯಲ್ಲಿ ಅದರಿಂದ ನಡೆದ ಸಂಗತಿಯನ್ನು ವಾಚಕರ ಮುಂದಿಡುವುದು ಅನುಚಿತವಾಗಲಾರದೆಂದು ಭಾವಿಸುತ್ತೇನೆ.

ಅದನ್ನು ತಂದವಳು ನನ್ನ ಸೊಸೆ. ಎರಡನೆಯ ಹೆರಿಗೆಯಾಗಿ ನಾಲ್ಕು ತಿಂಗಳಿಗೆ ಅವಳಿಗೆ ಕೂದಲು ಉದುರತೊಡಗಿತು. ದಿನವೂ ಬಾಚಣಿಗೆಯನ್ನು ನೋಡಿ ಮುಖ ಬಾಡಿಸಿಕೊಳ್ಳುತ್ತಿದ್ದವಳು ಒಂದು ಸಂಜೆ ನಗುತ್ತ ಬಂದು, "ಮಾವ, ನೀವು ಕೆಮಿಸ್ಟ್ರಿ ಮೇಷ್ಟರಲ್ಲವೆ? ಇದೇನು ಹೇಳಿ ನೋಡೋಣ" ಎಂದು ಸೀಸೆಯ ಮುಚ್ಚಳ ತೆಗೆದು ಮುಂದೆ ಹಿಡಿದಳು. ವಾಸನೆಯಲ್ಲಿ ಮೂರು ಪದರಗಳಿದ್ದುವು. ಮೊದಲು ನೀಲಗಿರಿ ಎಣ್ಣೆಯ ಚುಚ್ಚುವ ತಂಪು. ಅದರ ಬೆನ್ನಿಗೇ ಕರ್ಪೂರ. ಕಡೆಗೆ, ಹಸಿ ಮರವನ್ನು ಗರಗಸದಿಂದ ಕೊಯ್ದಾಗ ಬರುವಂಥ ರಾಳದ ಕಂಪು. ನಾನು ಬಾಯಿ ತೆರೆಯುವ ಮೊದಲೇ ನನ್ನ ಹೆಂಡತಿ ಅಡಿಗೆಮನೆಯಿಂದ, "ಯಾರಿಗೆ ನೆಗಡಿ?" ಎಂದು ಕೇಳಿದಳು. ನಡುಮನೆಯಲ್ಲಿ ಕುಳಿತಿದ್ದ ನನ್ನ ತಮ್ಮ, "ಅಣ್ಣಯ್ಯ, ಮಂಗಳಾರತಿ ಆಗಿಹೋಯಿತೆ?" ಎಂದ. ಮೂವತ್ತು ವರ್ಷ ಪಾಠ ಹೇಳಿದ ನನ್ನ ವಿದ್ಯೆಗಿಂತ ಇವರಿಬ್ಬರ ಮೂಗೇ ಮೇಲೆನಿಸಿತು. ಆ ಎಣ್ಣೆಯಲ್ಲಿರುವ ಎರಡು ಮುಖ್ಯ ದ್ರವ್ಯಗಳನ್ನು ಅವರು ಕುಳಿತಲ್ಲಿಂದಲೇ ಹೇಳಿಬಿಟ್ಟಿದ್ದರು.

ಹೆಸರನ್ನು ಕೇಳಿದವರು ಇದರಲ್ಲಿ ಗುಲಾಬಿ ಇರಬೇಕೆಂದು ತಿಳಿಯುತ್ತಾರೆ. ಗುಲಾಬಿಗೂ ಇದಕ್ಕೂ ಸಂಬಂಧವಿಲ್ಲ. ಕ್ರೈಸ್ತ ದೇಶಗಳಲ್ಲಿ ಕನ್ಯೆ ಮೇರಿಯು ತನ್ನ ನೀಲಿ ಮೇಲುಹೊದಿಕೆಯನ್ನು ಈ ಗಿಡದ ಮೇಲೆ ಹರವಿದಳೆಂದೂ ಅಂದಿನಿಂದ ಇದರ ಹೂವು ನೀಲಿಯಾಯಿತೆಂದೂ ಒಂದು ಮುದ್ದಾದ ಕಥೆ ಉಂಟು. ಆದರೆ ಹೆಸರಿನ ಮೂಲ ಲ್ಯಾಟಿನ್ ಭಾಷೆಯ ರೋಸ್ ಮರೀನಸ್. ಎಂದರೆ ಕಡಲಿನ ಇಬ್ಬನಿ. ಮೆಡಿಟರೇನಿಯನ್ ಸಮುದ್ರದ ಸುತ್ತಣ ಒಣ ಸುಣ್ಣಕಲ್ಲಿನ ಗುಡ್ಡಗಳು ಇದರ ತವರು. ಸ್ಪೇನು, ಫ್ರಾನ್ಸಿನ ದಕ್ಷಿಣ ತೀರ, ಕಾರ್ಸಿಕಾ ದ್ವೀಪ, ಆಚೆಯ ದಡದಲ್ಲಿ ಮೊರಾಕೊ ಮತ್ತು ಟ್ಯುನೀಸಿಯಾ, ಇಲ್ಲೆಲ್ಲ ಇದು ತಾನಾಗಿ ಬೆಳೆಯುತ್ತದೆ. ಎಲೆ ಸೂಜಿಯಂತೆ ಕಿರಿದು. ಮೇಲೆ ಕಡು ಹಸಿರು, ಅಡಿಯಲ್ಲಿ ಬಿಳಿಯ ನವಿರು. ಅಂಚುಗಳು ಒಳಕ್ಕೆ ಸುರುಳಿಕೊಂಡಿರುತ್ತವೆ. ಬಿಸಿಲಿನ ದೇಶದ ಗಿಡ ತನ್ನೊಳಗಿನ ನೀರನ್ನು ಉಳಿಸಿಕೊಳ್ಳುವ ಉಪಾಯ ಇದು. ಕುಲದಲ್ಲಿ ಇದು ನಮ್ಮ ತುಲಸಿ, ಮರುಗ, ದೊಡ್ಡಪತ್ರೆ, ಪುದೀನಗಳ ದಾಯಾದಿ. ಸಸ್ಯಶಾಸ್ತ್ರಜ್ಞರು ಬಹುಕಾಲ ಇದನ್ನು ಬೇರೆಯದೇ ಒಂದು ಜಾತಿಯಾಗಿ ಎಣಿಸಿದ್ದು, 2017ರಲ್ಲಿ ಸಾಲ್ವಿಯಾ ಎಂಬ ದೊಡ್ಡ ಸಂಸಾರಕ್ಕೆ ಸೇರಿಸಿಬಿಟ್ಟರು. ಗಿಡಕ್ಕೆ ಇದರಿಂದ ನಷ್ಟವೇನೂ ಆಗಲಿಲ್ಲ. ನೀಲಗಿರಿಯ ತಂಪಿನಲ್ಲಿ ಇದನ್ನು ಕೃಷಿಮಾಡುತ್ತಾರೆ. ಬೆಂಗಳೂರಿನ ಬಯಲಿನಲ್ಲಿಯೂ ಸುಗಂಧಸಸ್ಯಗಳ ಸಂಶೋಧನೆಯವರು ಬೆಳೆಸಿ ನೋಡಿದ್ದಾರೆ.

ಎಲೆಯಿಂದ ಎಣ್ಣೆಯನ್ನು ತೆಗೆಯುವ ಕ್ರಮವನ್ನು ಸೊಸೆಗೆ ಹೇಳತೊಡಗಿದೆ. ಅವಳು ಮಗುವನ್ನು ತೊಡೆಯ ಮೇಲೆ ಹಾಕಿಕೊಂಡು ಕೇಳಿದಳು. ಮೇಷ್ಟರಿಗೆ ಪೆನ್‌ಷನ್ ಆದ ಮೇಲೆ ಕೇಳುವವರು ಸಿಕ್ಕುವುದು ಅಪೂರ್ವ. ಎಳ್ಳು ಕೊಬ್ಬರಿಗಳಂತೆ ಇದನ್ನು ಗಾಣಕ್ಕೆ ಹಾಕಿ ಹಿಂಡಲಾಗುವುದಿಲ್ಲ. ಎಲೆಯ ಮೈಮೇಲಿನ ಅತಿ ಸೂಕ್ಷ್ಮವಾದ ಚೀಲಗಳಲ್ಲಿ ಎಣ್ಣೆ ಅಡಗಿದೆ. ಸೊಪ್ಪನ್ನು ಹಂಡೆಯಲ್ಲಿ ತುಂಬಿ ಅಡಿಯಿಂದ ಹಬೆಯನ್ನು ಹಾಯಿಸುತ್ತಾರೆ. ಎಣ್ಣೆಯೊಂದೇ ಆದರೆ ಕುದಿಯುವುದಕ್ಕೆ ನೀರಿಗಿಂತ ಬಹಳ ಹೆಚ್ಚಿನ ಕಾವು ಬೇಕು. ಹಬೆಯ ಜೊತೆ ಸಿಕ್ಕಿದರೆ ನೀರಿನ ಕುದಿಬಿಂದುವಿಗಿಂತ ಕೆಳಗಿನ ಕಾವಿನಲ್ಲಿಯೇ ಎರಡೂ ಕೈ ಹಿಡಿದುಕೊಂಡು ಎದ್ದು ಹೋಗುತ್ತವೆ. ತಣ್ಣನೆಯ ಕೊಳವೆಯಲ್ಲಿ ಮತ್ತೆ ದ್ರವವಾಗಿ ಇಳಿದಾಗ ನೀರು ಕೆಳಗೆ, ಎಣ್ಣೆ ಮೇಲೆ. 100 ಕಿಲೋ ಹಸಿ ಸೊಪ್ಪಿಗೆ ಒಂದು ಕಿಲೋ ಎಣ್ಣೆ ಬಂದರೆ ಒಳ್ಳೆಯ ಇಳುವರಿ. ಆವಿಯಾಗಿ ಏಳಲಾರದ ಪದಾರ್ಥಗಳೆಲ್ಲ ಹಂಡೆಯಲ್ಲೇ ಉಳಿದುಬಿಡುತ್ತವೆ. ಈ ಒಂದು ಸಂಗತಿಯನ್ನು ಮಾರುವವರೂ ಕೊಳ್ಳುವವರೂ ಸಮನಾಗಿ ಮರೆಯುತ್ತಾರೆ. ಜಿಡ್ಡಿನ ತಿಂಡಿ ಕಮಟದಂತೆ ಕಾಪಾಡುವುದಕ್ಕೆ ಯೂರೋಪಿನಲ್ಲಿ ರೋಸ್‌ಮರಿಯ ಸಾರವನ್ನು ಇ-392 ಎಂಬ ಅಂಕದಿಂದ ಬಳಸುತ್ತಾರೆ. ಆ ಗುಣ ಕಾರ್ನೋಸಿಕ್ ಆಮ್ಲ ಮೊದಲಾದವುಗಳದು. ಅವು ಹಬೆಯೊಡನೆ ಬಾರವು. ಆದುದರಿಂದ ಎಲೆಯ ಗುಣವನ್ನೆಲ್ಲ ಎಣ್ಣೆಗೆ ಕಟ್ಟುವುದು ತಂದೆಯ ಪಾಂಡಿತ್ಯವನ್ನು ಮಗನ ಲೆಕ್ಕಕ್ಕೆ ಬರೆದಂತೆ.

ಎಣ್ಣೆಯಲ್ಲಿ ಬರುವವು ಮುಖ್ಯವಾಗಿ ಮೂರು. ನೀಲಗಿರಿ ಎಣ್ಣೆಯ ಜೀವವಾದ ಸಿನಿಯೋಲ್, ಟರ್ಪೆಂಟೈನಿನಲ್ಲಿರುವ ಪೈನೀನ್, ಕರ್ಪೂರ. ಹುಟ್ಟಿದ ನೆಲವನ್ನು ಅನುಸರಿಸಿ ಇವುಗಳ ಪಾಲು ಬೇರೆಯಾಗುತ್ತದೆ. ಮೊರಾಕೊ ಟ್ಯುನೀಸಿಯಾಗಳ ಎಣ್ಣೆಯಲ್ಲಿ ಸಿನಿಯೋಲೇ ಸುಮಾರು ಅರ್ಧ. ಸ್ಪೇನಿನದರಲ್ಲಿ ಅದು ಕಡಮೆಯಾಗಿ ಕರ್ಪೂರ ಐದರಲ್ಲೊಂದು ಪಾಲಿನವರೆಗೂ ಏರುವುದುಂಟು. ನಮ್ಮ ದೇವರ ಮುಂದೆ ಉರಿಯುವ ಕರ್ಪೂರವೂ ಈಗ ಬಹುಮಟ್ಟಿಗೆ ಮರದ್ದಲ್ಲ. ಪೈನೀನಿನಿಂದ ಕಾರ್ಖಾನೆಯಲ್ಲಿ ತಯಾರಾದುದು. ಇದನ್ನು ಕೇಳಿ ನನ್ನ ಹೆಂಡತಿಗೆ ಬಹಳ ಬೇಸರವಾಯಿತು. "ಇದನ್ನೆಲ್ಲ ಹೇಳದಿದ್ದರೆ ಏನಾಗುತ್ತಿತ್ತು?" ಎಂದಳು.

ಈ ಎಣ್ಣೆಯ ಪೂರ್ವಕೀರ್ತಿ ದೊಡ್ಡದು. ಮದ್ಯಸಾರದೊಡನೆ ರೋಸ್‌ಮರಿಯನ್ನು ಭಟ್ಟಿ ಇಳಿಸಿ ಮಾಡಿದ 'ಹಂಗೆರಿಯ ರಾಣಿಯ ನೀರು' ಎಂಬ ಸುಗಂಧಜಲ ಯೂರೋಪಿನಲ್ಲಿ ಶತಮಾನಗಳ ಕಾಲ ಮನೆಮದ್ದಾಗಿತ್ತು. ಎಪ್ಪತ್ತು ದಾಟಿದ, ಕೀಲುನೋವಿನಿಂದ ಎದ್ದು ನಡೆಯಲಾರದ ರಾಣಿಯೊಬ್ಬಳು ಇದನ್ನು ಹಚ್ಚಿ ಎಂಥ ಚೆಲುವೆಯಾದಳೆಂದರೆ ಪೋಲೆಂಡಿನ ಅರಸು ಅವಳ ಕೈ ಬೇಡಿದನೆಂದು ಐತಿಹ್ಯ. ಮದ್ದನ್ನು ಮಾರುವವರು ಕಟ್ಟಿದ ಕಥೆಗಳಲ್ಲಿ ಅರಸರು ಇದ್ದೇ ಇರುತ್ತಾರೆ. ನಮ್ಮ ಹಿರಿಯರು ಜ್ವರ ಬಂದವರ ಹಣೆಗೆ ಒದ್ದೆ ಬಟ್ಟೆಯಲ್ಲಿ ಹಾಕುತ್ತಿದ್ದ ಓಡಿಕೊಲೋನಿನಲ್ಲಿಯೂ ರೋಸ್‌ಮರಿಯ ಒಂದು ಎಳೆ ಉಂಟು. ಎಂದ ಮೇಲೆ ಇದು ನಮಗೆ ಪೂರ್ತಿ ಹೊಸಬನಲ್ಲ.

ಸೊಸೆಗೆ ಬೇಕಾಗಿದ್ದುದು ಕೂದಲಿನ ವಿಚಾರ. ಅದನ್ನೂ ಓದಿ ನೋಡಿದೆ. 1998ರಲ್ಲಿ ಸ್ಕಾಟ್‌ಲೆಂಡಿನ ಅಬರ್ಡೀನಿನಲ್ಲಿ, ತಲೆಯಲ್ಲಿ ಅಲ್ಲಲ್ಲಿ ಬಿಲ್ಲೆ ಬಿಲ್ಲೆಯಾಗಿ ಕೂದಲು ಹೋದ 86 ಮಂದಿಯನ್ನು ಎರಡು ಪಂಗಡ ಮಾಡಿ, ಒಂದಕ್ಕೆ ರೋಸ್‌ಮರಿಯೂ ಸೇರಿದ ನಾಲ್ಕು ಸುಗಂಧ ತೈಲಗಳನ್ನು ಬೇರೆ ಎಣ್ಣೆಯಲ್ಲಿ ಬೆರಸಿ ಕೊಟ್ಟರು. ಇನ್ನೊಂದಕ್ಕೆ ಬರಿಯ ಎಣ್ಣೆ. ಏಳು ತಿಂಗಳಲ್ಲಿ ಮೊದಲನೆಯವರಲ್ಲಿ 100ಕ್ಕೆ 44 ಮಂದಿಗೆ, ಎರಡನೆಯವರಲ್ಲಿ 15 ಮಂದಿಗೆ ಗುಣ ಕಂಡಿತು. ನಾಲ್ವರು ಸೇರಿ ಎಳೆದ ತೇರಿನಲ್ಲಿ ರೋಸ್‌ಮರಿ ಎಳೆದದ್ದೆಷ್ಟೆಂದು ಹೇಳುವಂತಿಲ್ಲ. 2015ರಲ್ಲಿ ಇರಾನಿನವರು ವಂಶಪಾರಂಪರ್ಯದ ಬೋಳುತಲೆಯ 100 ಮಂದಿಯಲ್ಲಿ ಅರ್ಧದಷ್ಟು ಜನಕ್ಕೆ ರೋಸ್‌ಮರಿಯನ್ನೂ ಉಳಿದವರಿಗೆ ಮಿನಾಕ್ಸಿಡಿಲ್ ಎಂಬ ಔಷಧದ ಎರಡು ಪರ್ಸೆಂಟಿನ ದ್ರಾವಣವನ್ನೂ ಕೊಟ್ಟು ನೋಡಿದರು. ಮೂರು ತಿಂಗಳಿಗೆ ಎರಡರಿಂದಲೂ ಏನೂ ಆಗಲಿಲ್ಲ. ಆರು ತಿಂಗಳಿಗೆ ಎರಡರಿಂದಲೂ ಸ್ವಲ್ಪ ಕೂದಲು ಹೆಚ್ಚಿತು. ಯಾವ ಮದ್ದೂ ಇಲ್ಲದ ಮೂರನೆಯ ಪಂಗಡವೊಂದಿದ್ದಿದ್ದರೆ ನನ್ನಂಥ ಸಂಶಯಾತ್ಮನಿಗೆ ಸಮಾಧಾನವಾಗುತ್ತಿತ್ತು. ಒಟ್ಟಿನಲ್ಲಿ, ಆಶೆಗೆ ಎಡೆಯುಂಟು, ಜಾಹೀರಾತಿಗೆ ಎಡೆಯಿಲ್ಲ. ಅಲ್ಲದೆ ಬಾಣಂತಿಯರ ಕೂದಲು ಉದುರುವುದು ಬೇರೆಯ ಬಗೆಯದು. ಅದು ಬಹುಪಾಲು ವರ್ಷದೊಳಗೆ ತಾನಾಗಿಯೇ ಮರಳುತ್ತದೆ. ಆ ಕಾಲದಲ್ಲಿ ಯಾವ ಎಣ್ಣೆ ಹಚ್ಚಿದರೂ ಕೀರ್ತಿ ಎಣ್ಣೆಗೆ ಬರುತ್ತದೆ. ಇಷ್ಟನ್ನೂ ಹೇಳಿ, ಒಂದು ಚಮಚ ಕೊಬ್ಬರಿ ಎಣ್ಣೆಗೆ ಎರಡೇ ಹನಿ ಬೆರಸಬೇಕು, ಬರಿಯ ತೈಲವನ್ನು ಚರ್ಮಕ್ಕೆ ಸೋಕಿಸಬಾರದು, ಮಗುವಿನ ಮುಖದ ಬಳಿ ತರಬಾರದು, ಬಾಯಿಗಂತೂ ಯಾರೂ ಹಾಕಬಾರದು ಎಂದು ಕಟ್ಟುಮಾಡಿದೆ. ನನ್ನ ವಿವೇಕವನ್ನು ಕಂಡು ನನಗೇ ಸಂತೋಷವಾಯಿತು.

ಇನ್ನು ನನ್ನ ತಮ್ಮನ ವಿಚಾರ ಹೇಳಬೇಕು. ಅವನಿಗೆ ಹದಿಮೂರನೆಯ ವಯಸ್ಸಿನಲ್ಲಿ ಅಪಸ್ಮಾರ ಕಾಣಿಸಿಕೊಂಡಿತು. ಮದುವೆಯಾಗಲಿಲ್ಲ, ಒಂದು ಅಚ್ಚುಕೂಟದಲ್ಲಿ ಕರಡು ತಿದ್ದುತ್ತ ಬಾಳನ್ನು ನಡೆಸಿ, ಈಗ ನಮ್ಮ ಜೊತೆಯಲ್ಲಿದ್ದಾನೆ. ದಿನಕ್ಕೆ ಎರಡು ಸಲ ಮಾತ್ರೆ. ಅದರ ಪುಣ್ಯದಿಂದ ಒಂಬತ್ತು ವರ್ಷ ಮೂರ್ಛೆಯ ಸುಳಿವಿರಲಿಲ್ಲ. ಅವನ ಸಂಪತ್ತೆಲ್ಲ ನೆನಪು. ಕುಮಾರವ್ಯಾಸನ ಭಾರತದಲ್ಲಿ ಸಂಧಿಗೆ ಸಂಧಿಯೇ ಅವನಿಗೆ ಬಾಯಿಗೆ ಬರುತ್ತದೆ. ಸಂಜೆ ದೀಪ ಹಚ್ಚಿದ ಮೇಲೆ ಅವನು ಹಾಡುವುದು, ನಾನು ಪುಸ್ತಕ ಹಿಡಿದು ನೋಡುತ್ತ ಕೂಡುವುದು, ಇದು ನಮ್ಮ ಮನೆಯ ಪದ್ಧತಿ. ಈಚೆಗೆ ಎರಡು ವರ್ಷದಿಂದ ಪದ್ಯದ ನಡುವೆ ಅವನಿಗೆ ಸಾಲು ಸಿಕ್ಕದೆ ಹೋಗುತ್ತಿತ್ತು. ನಿಲ್ಲುತ್ತಾನೆ, ಕಣ್ಣು ಮುಚ್ಚಿಕೊಳ್ಳುತ್ತಾನೆ, ತೊಡೆಯ ಮೇಲೆ ತಾಳ ಹಾಕುತ್ತಿದ್ದ ಕೈ ಹಾಗೆಯೇ ಇರುತ್ತದೆ. ನಾನು ಸಾಲನ್ನು ಹೇಳಿದರೆ ಅವನಿಗೆ ಅವಮಾನ. ಹೇಳದಿದ್ದರೆ ನನಗೆ ಸಂಕಟ. ವಯಸ್ಸೋ ಮಾತ್ರೆಯೋ ಎರಡೂ ಕೂಡಿಯೋ, ಅಂತು ಅವನ ಆಸ್ತಿ ದಿನದಿನಕ್ಕೆ ಕರಗುವುದನ್ನು ನೋಡುತ್ತಿದ್ದೆ.

ರೋಸ್‌ಮರಿ ನೆನಪಿನ ಗಿಡವೆಂಬುದು ಯೂರೋಪಿನಲ್ಲಿ ಬಹಳ ಹಳೆಯ ನಂಬಿಕೆ. ಷೇಕ್ಸ್‌ಪಿಯರನ ಹ್ಯಾಮ್ಲೆಟ್ ನಾಟಕದಲ್ಲಿ ಚಿತ್ತ ಕೆಟ್ಟ ಒಫೀಲಿಯಾ ಹೂ ಹಂಚುವಾಗ ಇದನ್ನು ಸ್ಮರಣೆಗೆಂದೇ ಕೊಡುತ್ತಾಳೆ. ಆಸ್ಟ್ರೇಲಿಯದವರು ಯುದ್ಧದಲ್ಲಿ ಮಡಿದವರ ನೆನಪಿಗಾಗಿ ಏಪ್ರಿಲ್ 25ರಂದು ಇದರ ಕಡ್ಡಿಯನ್ನು ಎದೆಗೆ ಸಿಕ್ಕಿಸಿಕೊಳ್ಳುತ್ತಾರೆ. 1915ರಲ್ಲಿ ಅವರ ಸೈನಿಕರು ಬಿದ್ದ ಗಲಿಪೊಲಿಯ ದಂಡೆಯಲ್ಲಿ ಈ ಗಿಡ ಕಾಡಾಗಿ ಬೆಳೆದಿದೆ. ಇದೆಲ್ಲ ಕವಿಗಳ ಮತ್ತು ದುಃಖಿಗಳ ಮಾತಾಯಿತು. ಆದರೆ ಇಂಗ್ಲೆಂಡಿನ ನ್ಯೂಕಾಸಲಿನ ನಾರ್ಥಂಬ್ರಿಯಾ ವಿಶ್ವವಿದ್ಯಾಲಯದಲ್ಲಿ 144 ಮಂದಿಯನ್ನು, ಕೆಲವರನ್ನು ಈ ತೈಲದ ವಾಸನೆಯ ಕೋಣೆಯಲ್ಲಿ, ಕೆಲವರನ್ನು ಲ್ಯಾವೆಂಡರಿನದರಲ್ಲಿ, ಕೆಲವರನ್ನು ವಾಸನೆಯಿಲ್ಲದುದರಲ್ಲಿ ಕೂಡಿಸಿ ಪರೀಕ್ಷಿಸಿ, 2003ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ರೋಸ್‌ಮರಿಯವರ ನೆನಪು ಹೆಚ್ಚು ಚೆನ್ನಾಗಿತ್ತು. ಆದರೆ ನೆನೆಯುವ ವೇಗ ತುಸು ಕುಗ್ಗಿತ್ತು. 2012ರಲ್ಲಿ ಅಲ್ಲಿಯವರೇ 20 ಮಂದಿಯ ರಕ್ತ ತೆಗೆದು ನೋಡಿದಾಗ, ಕೇವಲ ಉಸಿರಾಟದಿಂದ ಸಿನಿಯೋಲ್ ರಕ್ತಕ್ಕೆ ಸೇರಿತ್ತು. ಹೆಚ್ಚು ಸೇರಿದವರು ಲೆಕ್ಕಗಳನ್ನು ಹೆಚ್ಚು ಚೆನ್ನಾಗಿ ಮಾಡಿದ್ದರು. ಅವರು ಆರೋಗ್ಯವಂತರು, ಪ್ರಯೋಗ ಚಿಕ್ಕದು, ಕೆಲವೇ ನಿಮಿಷಗಳದು. ಕೂದಲಿನ ವಿಷಯದಲ್ಲಿ ಇಷ್ಟು ಕಾರಣಗಳನ್ನು ಹುಡುಕಿದ ನನಗೆ ಇವು ಯಾವುವೂ ಇಲ್ಲಿ ಅಡ್ಡಬರಲಿಲ್ಲ. ನನಗೆ ಬೇಕಾಗಿದ್ದುದು ಸೊಸೆಯ ಕೂದಲಲ್ಲ, ತಮ್ಮನ ನೆನಪು. ಬೇಕಾದುದಕ್ಕೆ ಮನಸ್ಸು ಸಾಕ್ಷಿ ಕೇಳುವುದಿಲ್ಲ.

ಒಂದು ಕರವಸ್ತ್ರಕ್ಕೆ ನಾಲ್ಕು ಹನಿ ಹಾಕಿ ಅವನಿಗೆ ಕೊಟ್ಟೆ. ಆಗಾಗ ಮೂಸುತ್ತಿರು ಎಂದೆ. ಅವನು ಯಾಕೆಂದೂ ಕೇಳಲಿಲ್ಲ, ಅಣ್ಣ ಓದಿದವನು. ಸಂಜೆಯ ಹಾಡಿನಲ್ಲಿ ಅವನು ಎಡವಿದ ಸಲಗಳನ್ನು ಅವನಿಗೆ ತಿಳಿಯದಂತೆ ಪುಸ್ತಕದ ಮೂಲೆಯಲ್ಲಿ ಗುರುತುಮಾಡತೊಡಗಿದೆ. ಹೀಗೆ ನಾಲ್ಕು ದಿನ ಕಳೆಯಿತು. ಹನಿ ನಾಲ್ಕರಿಂದ ಎಂಟಾಯಿತು.

ಐದನೆಯ ದಿನ ಬೆಳಗಿನ ಜಾವ ಹಿತ್ತಲಲ್ಲಿ ಚೊಂಬು ಉರುಳಿದ ಸದ್ದಾಯಿತು. ಓಡಿದೆ. ಒಂಬತ್ತು ವರ್ಷದ ಮೇಲೆ ಆ ನೋಟವನ್ನು ಮತ್ತೆ ಕಂಡೆ. ಬಚ್ಚಲ ಕಲ್ಲು ತಗುಲಿ ಹಣೆ ಒಡೆದಿತ್ತು. ಅವನನ್ನು ಪಕ್ಕಕ್ಕೆ ಹೊರಳಿಸಿದೆ, ಅಷ್ಟು ನೆನಪಿತ್ತು. ನನ್ನ ಹೆಂಡತಿ ಅಭ್ಯಾಸಬಲದಿಂದ ಕಬ್ಬಿಣದ ಬೀಗದ ಕೈಯನ್ನು ತಂದು ಅವನ ಅಂಗೈಯಲ್ಲಿ ತುರುಕಿದಳು. ಮುಂದಿನದನ್ನು ಬರೆಯುವುದು ಕಷ್ಟ. ನಾವು ಹುಡುಗರಾಗಿದ್ದಾಗ ಅವನಿಗೆ ಹೀಗಾದರೆ ನಮ್ಮ ತಾಯಿ ಈರುಳ್ಳಿಯನ್ನು ಜಜ್ಜಿ ಮೂಗಿಗೆ ಹಿಡಿಯುತ್ತಿದ್ದಳು. ಕಟು ವಾಸನೆಗೆ ಪ್ರಜ್ಞೆ ಬರುವುದೆಂದು ನಂಬಿಕೆ. ಮೂವತ್ತು ವರ್ಷ ವಿಜ್ಞಾನ ಹೇಳಿದ ನಾನು, ಅವನ ಜೇಬಿನಲ್ಲಿದ್ದ ಆ ಕರವಸ್ತ್ರವನ್ನೇ ತೆಗೆದು ಅವನ ಮೂಗಿಗೆ ಒತ್ತಿ ಹಿಡಿದೆ. ಎಷ್ಟು ಹೊತ್ತೋ ತಿಳಿಯದು. ಅವನು ತಾನಾಗಿಯೇ ಶಾಂತನಾದ.

ಆಸ್ಪತ್ರೆಯಲ್ಲಿ ಹಣೆಗೆ ಮೂರು ಹೊಲಿಗೆ ಹಾಕಿದರು. ವೈದ್ಯರು ವಯಸ್ಸಿನಲ್ಲಿ ನನ್ನ ಶಿಷ್ಯರಷ್ಟು ಕಿರಿಯರು. ಮಾತ್ರೆ ತಪ್ಪಿತೆ, ನಿದ್ದೆ ಕೆಟ್ಟಿತೆ, ಜ್ವರವಿತ್ತೆ ಎಂದು ಒಂದೊಂದಾಗಿ ಕೇಳಿದರು. ಇಲ್ಲ, ಇಲ್ಲ, ಇಲ್ಲ. ಆಮೇಲೆ ಬಗ್ಗಿ ಅವನ ಅಂಗಿಯನ್ನು ಮೂಸಿ, "ಇದೇನು ವಾಸನೆ?" ಎಂದರು. ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಇದರಿಂದಲೇ ಆಯಿತೆಂದು ನಾನು ಹೇಳಲಾರೆ ಸಾರ್. ಆದರೆ ಈ ರೋಗದವರ ಹತ್ತಿರ ಇದನ್ನು ಇಡಬೇಡಿ" ಎಂದರು. ಸಿಟ್ಟಾಗಿದ್ದರೆ ಸಹಿಸಬಹುದಾಗಿತ್ತು.

ಆ ಮೇಲೆ ಓದಿದ್ದನ್ನು ಮೊದಲೇ ಓದಬೇಕಾಗಿತ್ತು. ಕರ್ಪೂರಕ್ಕೆ ಮಿದುಳನ್ನು ಕೆರಳಿಸುವ ಶಕ್ತಿಯುಂಟೆಂಬುದು ವೈದ್ಯರಿಗೆ ಹಳೆಯ ಸಂಗತಿ. 1934ರ ಜನವರಿಯಲ್ಲಿ ಬುಡಾಪೆಸ್ಟಿನ ಲಾಸ್ಲೊ ಮೆಡೂನಾ ಎಂಬ ವೈದ್ಯನು ಮನೋರೋಗಿಯೊಬ್ಬನಿಗೆ ಕರ್ಪೂರವನ್ನು ಎಣ್ಣೆಯಲ್ಲಿ ಕರಗಿಸಿ ಚುಚ್ಚಿದುದು ಬೇಕೆಂದೇ ಮೂರ್ಛೆ ಬರಿಸುವುದಕ್ಕಾಗಿ. ಅಪಸ್ಮಾರಕ್ಕೂ ಆ ಮನೋರೋಗಕ್ಕೂ ಪರಸ್ಪರ ವೈರವುಂಟೆಂದು ಅವನ ಊಹೆ. ವಿದ್ಯುತ್ತಿನಿಂದ ಮಾಡುವ ಚಿಕಿತ್ಸೆ 1938ರಲ್ಲಿ ರೋಮಿನಲ್ಲಿ ಮೊದಲಾದುದು ಈ ದಾರಿಯಲ್ಲಿಯೇ. ರಾಣಿಗೆ ಯೌವನ ಕೊಟ್ಟಿತೆಂಬ ನೀರೂ ಹಂಗೆರಿಯದು, ಈ ಸೂಜಿಯೂ ಹಂಗೆರಿಯದು. 1999ರಲ್ಲಿ ಸ್ವಿಟ್ಜರ್ಲೆಂಡಿನ ವೈದ್ಯರು ಮೂರ್ಛೆಯನ್ನು ಪ್ರಚೋದಿಸಬಲ್ಲ ಸಸ್ಯತೈಲಗಳ ಪಟ್ಟಿಯೊಂದನ್ನು ಮಾಡಿದರು. ನೀಲಗಿರಿ, ಟರ್ಪೆಂಟೈನುಗಳ ಜೊತೆಗೆ ರೋಸ್‌ಮರಿಯ ಹೆಸರೂ ಅದರಲ್ಲಿದೆ. ದೂರದವರೇಕೆ, ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ನರರೋಗತಜ್ಞರು ಇತರರೊಡನೆ ಸೇರಿ, ಮೂರ್ಛೆಯೆಂದು ಬಂದವರನ್ನೆಲ್ಲ ನೀವು ಯಾವ ಎಣ್ಣೆ, ಯಾವ ಮುಲಾಮು ಬಳಸಿದಿರಿ ಎಂದು ಕ್ರಮವಾಗಿ ವಿಚಾರಿಸಿ 2021ರಲ್ಲಿ ಬರೆದಿದ್ದಾರೆ. ನೀಲಗಿರಿ ಎಣ್ಣೆ ಮತ್ತು ಕರ್ಪೂರಗಳಿಗೂ ಮೂರ್ಛೆಗೂ ಅವರು ಕಂಡ ನಂಟು ಅಲಕ್ಷ್ಯಮಾಡುವಂಥದಲ್ಲ. ಕೇಳದಿದ್ದರೆ ಯಾರೂ ಹೇಳುವುದಿಲ್ಲ. ತಲೆನೋವಿಗೆ ಹಚ್ಚಿದ್ದನ್ನು ಯಾರು ಔಷಧವೆಂದು ಎಣಿಸುತ್ತಾರೆ? ನ್ಯೂಕಾಸಲಿನವರ ರಕ್ತಪರೀಕ್ಷೆಯನ್ನು ಓದಿದಾಗಲೇ ನನಗೆ ಹೊಳೆಯಬೇಕಾಗಿತ್ತು. ಉಸಿರಿನಿಂದ ರಕ್ತಕ್ಕೂ ರಕ್ತದಿಂದ ಮಿದುಳಿಗೂ ಹೋಗಬಲ್ಲ ಪದಾರ್ಥ ಅಲ್ಲಿ ನನ್ನ ಅಪ್ಪಣೆಯಂತೆ ಒಳ್ಳೆಯದನ್ನೇ ಮಾಡಿಕೊಂಡು ಕುಳಿತಿರುವುದೆ? ಪರಿಮಳವೆಂದ ಕೂಡಲೆ ಅದು ನಿರಪಾಯವೆಂದು ನಾನು ಎಣಿಸಿದ್ದೆ. ಮೂಗಿಗೆ ಕರ್ಪೂರ ತಿಳಿದಿತ್ತು, ತಲೆಗೆ ತಿಳಿಯಲಿಲ್ಲ.

ಕಾರಣ ಅದೇ ಎಂದು ಇಂದಿಗೂ ಸಿದ್ಧವಾಗಿಲ್ಲ. ಅರುವತ್ತು ವರ್ಷ ದಿನವೂ ಮಂಗಳಾರತಿಯ ಹೊಗೆಯನ್ನು ಕುಡಿದವನಿಗೆ ಎಂಟು ಹನಿ ಹೆಚ್ಚೆ ಎಂದು ನನ್ನೊಳಗಿನ ವಕೀಲ ವಾದಿಸುತ್ತಾನೆ. ವಾದ ಚೆನ್ನಾಗಿದೆ. ಸೀಸೆಗೆ ಮಾತ್ರ ಬೀಗ ಬಿದ್ದಿದೆ. ಸೊಸೆ ವಾರಕ್ಕೊಮ್ಮೆ ಕೇಳಿ ಎರಡು ಹನಿ ಕೊಬ್ಬರಿ ಎಣ್ಣೆಗೆ ಹಾಕಿಸಿಕೊಂಡು, ತನ್ನ ಕೋಣೆಯಲ್ಲಿ ಹಚ್ಚಿ ತಲೆ ತೊಳೆದುಕೊಂಡು ಬರುತ್ತಾಳೆ. ಕೂದಲು ಬರುತ್ತಿದೆ. ಎಣ್ಣೆಯಿಂದಲೇ ಎಂದು ಅವಳ ನಂಬಿಕೆ. ನಾನು ತಕರಾರು ಮಾಡಿಲ್ಲ. ನನ್ನ ಹೆಂಡತಿ ಯಾರನ್ನೂ ಕೇಳದೆ ಆರತಿಗೆ ಕರ್ಪೂರವನ್ನು ಬಿಟ್ಟು ತುಪ್ಪದ ಬತ್ತಿ ಹಚ್ಚತೊಡಗಿದ್ದಾಳೆ.

ಹೊಲಿಗೆ ಬಿಚ್ಚಿದ ಮಾರನೆಯ ಸಂಜೆ ತಮ್ಮ ಮತ್ತೆ ಹಾಡಲು ಕುಳಿತ. ಎರಡನೆಯ ಪದ್ಯದಲ್ಲಿಯೇ ನಿಂತುಹೋಯಿತು. ಕಣ್ಣು ಮುಚ್ಚಿಕೊಂಡು ಬಹಳ ಹೊತ್ತು ಹುಡುಕಿದ. ಆಮೇಲೆ ಕಣ್ಣು ತೆರೆದು ನನ್ನನ್ನು ನೋಡಿ ಕೇಳಿದ:

"ಅಣ್ಣಯ್ಯ, ಆ ಕರವಸ್ತ್ರ ಎಲ್ಲಿ?"

"ಒಗೆಯುವುದಕ್ಕೆ ಹಾಕಿದೆ" ಎಂದೆ.

"ಆ ನಾಲ್ಕು ದಿನ ನನಗೆ ಒಂದು ಸಾಲೂ ತಪ್ಪಲಿಲ್ಲ. ನೀನು ಗಮನಿಸಿದೆಯೋ ಇಲ್ಲವೋ."

ನನ್ನ ಕೈಯಲ್ಲಿದ್ದ ಪುಸ್ತಕದ ಮೂಲೆಯಲ್ಲಿ ಗುರುತುಗಳಿದ್ದುವು. ಮೊದಲನೆಯ ದಿನ ಎರಡು, ಎರಡನೆಯ ದಿನ ನಾಲ್ಕು, ಆಮೇಲೆ ಒಂದು, ಕಡೆಯ ದಿನ ಮೂರು. ಹಿಂದಿನ ವಾರಗಳಿಗೂ ಅವಕ್ಕೂ ಏನೂ ಅಂತರವಿರಲಿಲ್ಲ. ಹಾಳೆಯ ಮೇಲೆ ಬೆರಳಿಟ್ಟುಕೊಂಡು, "ಗಮನಿಸಿದೆ" ಎಂದೆ.